ಗಣಕಪಾಠದ ತಂತ್ರಾಂಶವೂ ಬಳಕೆದಾರರ ಬಳಗವೂ



ಈ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನನಗೆ ಗೊತ್ತುಪಡಿಸಿದ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಪಾಠಶಾಲೆಯ ಚಾಪೆಯ ಮೇಲೆ ಕುಳಿತು ವ್ಯಾಕರಣ ತರ್ಕಗಳನ್ನು ಓದಿದವನಿಗೂ, ಅಂತರ್ಜಾಲದ ಮೂಲಕ ಪಾಠ ಹೇಳಿಸುವ ತಂತ್ರಾಂಶಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಯಂತ್ರದ ಒಳಗುಟ್ಟನ್ನು ಬಿಚ್ಚಿ ತೋರಿಸುವುದು ಅದನ್ನು ಬಲ್ಲವರ ಕೆಲಸ. ಆದರೆ ವಿದ್ಯೆಯು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಸಾಗುವುದು, ಎಲ್ಲಿ ತಡೆದು ನಿಲ್ಲುವುದು, ನಿಂತುದನ್ನು ಮತ್ತೆ ಹರಿಯಿಸುವ ಬಗೆ ಯಾವುದು ಎಂಬೀ ವಿಚಾರಗಳು ಪಾಠಶಾಲೆಯವರಿಗೆ ಹೊಸವಲ್ಲ. ಆದುದರಿಂದ ಆ ದಿಕ್ಕಿನಿಂದಲೇ ಈ ವಿಷಯವನ್ನು ಪ್ರವೇಶಿಸುವೆನು. ನಾನು ಹೇಳಬೇಕಾದುದನ್ನು ಒಂದೇ ಮಾತಿನಲ್ಲಿ ಮೊದಲೇ ಹೇಳಿಬಿಡುವುದಾದರೆ ಅದು ಇಷ್ಟೇ: ತಂತ್ರಾಂಶವನ್ನು ತಂದು ಕೂಡಿಸಿದ ಮಾತ್ರದಿಂದ ಗಣಕಪಾಠಶಾಲೆಯು ನಡೆಯುವುದಿಲ್ಲ, ಅದನ್ನು ಬಳಸುವ ಅಧ್ಯಾಪಕರು ತಿಂಗಳಿಗೊಮ್ಮೆಯಾದರೂ ಒಂದೆಡೆ ಕೂಡಿ ತಮ್ಮ ತೊಡಕುಗಳನ್ನು ಒಬ್ಬರಿಗೊಬ್ಬರು ಬಿಡಿಸಿಕೊಡುವ ಬಳಗವು ಇದ್ದಲ್ಲಿ ಮಾತ್ರ ಅದು ನಡೆಯುವುದು.

ಗಣಕಪಾಠದ ತಂತ್ರಾಂಶವೆಂದರೆ ಏನೆಂಬುದನ್ನು ತಾಯಂದಿರಿಗೂ ಹಿರಿಯರಿಗೂ ತಿಳಿಯುವಂತೆ ಹೇಳುವುದು ಯುಕ್ತ. ಪಾಠದ ಬರಹ, ಚಿತ್ರ, ಧ್ವನಿ ಮೊದಲಾದವುಗಳನ್ನು ಒಂದು ಗಣಕದಲ್ಲಿ ಅಡಕಮಾಡಿ, ವಿದ್ಯಾರ್ಥಿಗಳು ತಮ್ಮ ತಮ್ಮ ಹೆಸರಿನಿಂದ ಅದರೊಳಹೊಕ್ಕು ಓದುವಂತೆಯೂ, ಪ್ರಶ್ನೆಗಳಿಗೆ ಉತ್ತರ ಬರೆಯುವಂತೆಯೂ, ಗುರುಗಳು ಅದನ್ನು ತಿದ್ದಿ ಅಂಕ ಕೊಡುವಂತೆಯೂ, ಸಂದೇಹವಿದ್ದವರು ಕೇಳುವಂತೆಯೂ ಏರ್ಪಡಿಸಿಕೊಡುವ ಸಾಧನವೇ ಅದು. ಮಗುವು ಮನೆಯಲ್ಲಿರಲಿ, ಹೊಲದ ಬದುವಿನಲ್ಲಿರಲಿ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಪಾಠವು ತೆರೆಯುವುದು. ಇಂಥವುಗಳಲ್ಲಿ ಲೋಕದಲ್ಲೆಲ್ಲ ಹೆಚ್ಚು ಪ್ರಚಾರದಲ್ಲಿರುವವುಗಳ ಪೈಕಿ ಒಂದಕ್ಕೆ ಮೂಡಲ್ ಎಂದು ಹೆಸರು. ಕನ್ನಡದ ಕಿವಿಗೆ ಇದು ಸೂರ್ಯನು ಉದಯಿಸುವ ದಿಕ್ಕನ್ನು ನೆನಪಿಗೆ ತರುವುದಾದರೂ, ಇದು ಆಂಗ್ಲಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ನಾನು ಮುಂದೆ ಕೊಡುವ ಉದಾಹರಣೆಗಳು ಬಹುಮಟ್ಟಿಗೆ ಇದನ್ನು ಕುರಿತವು.

ನಮ್ಮ ದೇಶದಲ್ಲಿ ಇಂಥ ಪ್ರಯತ್ನಗಳಿಗೆ ಕೊರತೆಯಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಎಂಬ ಪಾಠಮಾಲೆಯನ್ನು ಆರಂಭಿಸಿದವು. 2017ರಲ್ಲಿ ಸ್ವಯಂ ಎಂಬುದೂ, ಶಾಲೆಗಳಿಗಾಗಿ ದೀಕ್ಷಾ ಎಂಬುದೂ ಬಂದವು. ಇವೆಲ್ಲವೂ ದೊಡ್ಡ ಕೆರೆಗಳಿದ್ದಂತೆ. ಅನೇಕರಿಗೆ ನೀರು ಕೊಡುವುವು. ಮೂಡಲಿನಂಥದು ಮನೆಯ ಹಿತ್ತಲಿನ ಬಾವಿಯಿದ್ದಂತೆ. ನಮ್ಮ ಊರಿನ ಗುರುಗಳು ನಮ್ಮ ಊರಿನ ಮಕ್ಕಳಿಗೆ ತಾವೇ ಪಾಠವನ್ನು ಕಟ್ಟುವುದಕ್ಕೆ ಅದು ಬೇಕಾಗುವುದು. ಆದರೆ ಬಾವಿಯ ಹೂಳನ್ನು ತೆಗೆಯುವುದು, ಹಗ್ಗ ರಾಟೆಗಳನ್ನು ಸರಿಪಡಿಸುವುದು ಮನೆಯವರ ಪಾಲಿನ ಕೆಲಸವಷ್ಟೆ.

2020ನೆಯ ಮಾರ್ಚಿ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಹಲಗೆ ಸುಣ್ಣದಕಡ್ಡಿಗಳನ್ನು ಬಿಟ್ಟು ಬೇರೇನನ್ನೂ ಹಿಡಿಯದಿದ್ದ ಅಧ್ಯಾಪಕರು ಕೂಡ ಕೆಲವೇ ದಿನಗಳಲ್ಲಿ ಈ ಹೊಸ ದಾರಿಯನ್ನು ತುಳಿಯಬೇಕಾಯಿತು. ಆಗ ಅನೇಕ ಸಂಸ್ಥೆಗಳು ತರಾತುರಿಯಿಂದ ಗಣಕಪಾಠಶಾಲೆಗಳನ್ನು ಕಟ್ಟಿಕೊಂಡವು. ಅಂಥವುಗಳಿಗೆ ಒದಗಬಹುದಾದ ಗತಿಯನ್ನು ಊಹಿಸುವುದು ಕಷ್ಟವಲ್ಲ. ಸಂಸ್ಥೆಯಲ್ಲಿ ಒಬ್ಬರೇ ಒಬ್ಬ ಉತ್ಸಾಹಿಗಳಾದ ತರುಣ ಅಧ್ಯಾಪಕರು ಎಲ್ಲವನ್ನೂ ಕಲಿತು, ರಾತ್ರಿ ಹಗಲೆನ್ನದೆ ದುಡಿದು, ಪಾಠಗಳನ್ನು ಏರಿಸಿದರೆನ್ನಿ. ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಇಲ್ಲವೆ ಬೇರೆ ಕೆಲಸ ಸಿಕ್ಕಿತು. ಅವರೊಡನೆ ಪಾಸ್‌ವರ್ಡೂ ಹೋಯಿತು, ತಿಳಿವಳಿಕೆಯೂ ಹೋಯಿತು. ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕುವವರಿಲ್ಲದೆ, ಹಾಳಾದುದನ್ನು ತಿದ್ದುವವರಿಲ್ಲದೆ, ವರುಷದೊಳಗೆ ಆ ಪಾಠಶಾಲೆಯು ಬೀಗಹಾಕಿದ ಮನೆಯಂತಾಗುವುದು. ಇದರಲ್ಲಿ ಯಂತ್ರದ ದೋಷವೇನೂ ಇಲ್ಲ, ಆ ತರುಣರ ದೋಷವಂತೂ ಅಲ್ಲವೇ ಅಲ್ಲ. ವಿದ್ಯೆಯು ಒಬ್ಬರಲ್ಲಿಯೇ ನಿಂತುದೇ ದೋಷ. ಇದರಿಂದ ನಷ್ಟ ಯಾರಿಗೆಂಬುದನ್ನು ಯೋಚಿಸಿರಿ. ಪಟ್ಟಣದ ಮಗುವಿಗೆ ಹತ್ತು ದಾರಿಗಳುಂಟು. ಹಳ್ಳಿಯ ಮಗುವಿಗೆ, ಬಸ್ಸು ತಪ್ಪಿ ತರಗತಿ ತಪ್ಪಿದ ಹೆಣ್ಣುಮಗುವಿಗೆ, ಸುಗ್ಗಿಯ ಕಾಲದಲ್ಲಿ ಮನೆಯ ಕೆಲಸಕ್ಕೆ ನಿಂತ ಹುಡುಗನಿಗೆ, ತಪ್ಪಿದ ಪಾಠವನ್ನು ಮತ್ತೆ ಹಿಡಿಯುವ ದಾರಿಯು ಅದೊಂದೇ ಇದ್ದಿತು, ಅದು ಮುಚ್ಚಿಹೋಯಿತು.

ವಿದ್ಯೆಯಲ್ಲಿ ಒಂದು ಪಾಲು ಗುರುವಿನಿಂದ, ಒಂದು ಪಾಲು ಸ್ವಬುದ್ಧಿಯಿಂದ, ಒಂದು ಪಾಲು ಸಹಪಾಠಿಗಳಿಂದ, ಉಳಿದ ಪಾಲು ಕಾಲಕ್ರಮದಿಂದ ಬರುವುದೆಂದು ನಮ್ಮ ಹಿರಿಯರು ವಿಭಾಗಿಸಿದರು. ಪಾಠಶಾಲೆಯಲ್ಲಿ ಗುರುಗಳು ಪಾಠ ಹೇಳಿ ಎದ್ದುಹೋದ ಬಳಿಕ ವಿದ್ಯಾರ್ಥಿಗಳು ದೀಪದ ಸುತ್ತ ಕುಳಿತು ಅದೇ ಪಂಕ್ತಿಯನ್ನು ಮತ್ತೆ ಚಿಂತನೆಮಾಡುವ ಸಂಪ್ರದಾಯವು ಈ ಮೂರನೆಯ ಪಾಲನ್ನು ಸಂಪಾದಿಸುವುದಕ್ಕಾಗಿಯೇ ಹುಟ್ಟಿತು. ಗುರುಗಳ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಯನ್ನು ಸಹಪಾಠಿಯ ಮುಂದೆ ಕೇಳಬಹುದು. ಇನ್ನೊಬ್ಬನಿಗೆ ತಿಳಿಸಿ ಹೇಳುವಾಗ ತನಗೆ ತಿಳಿಯದಿದ್ದುದು ಎಷ್ಟೆಂಬುದು ತನಗೇ ಗೊತ್ತಾಗುವುದು. ಗಣಕಪಾಠವನ್ನು ನಡೆಸುವ ಅಧ್ಯಾಪಕರಿಗೆ ಇಂದು ಒಂದೆರಡು ದಿನಗಳ ತರಬೇತಿಯೆಂಬ ಮೊದಲ ಪಾಲು ಅಲ್ಲಲ್ಲಿ ದೊರೆಯುವುದು. ಸ್ವಬುದ್ಧಿಯೆಂಬ ಎರಡನೆಯ ಪಾಲು ಅವರಲ್ಲಿಯೇ ಉಂಟು. ಇಲ್ಲದಿರುವುದು ಮೂರನೆಯದು. ಬಳಕೆದಾರರ ಬಳಗವೆಂದು ನಾನು ಕರೆಯುವುದು ಈ ಮೂರನೆಯ ಪಾಲನ್ನೇ.

ಇದು ಈಗ ಹೊಸದಾಗಿ ಹುಟ್ಟಿದ ಕಲ್ಪನೆಯಲ್ಲ. ಗಣಕಯಂತ್ರಗಳ ಚರಿತ್ರೆಯಲ್ಲಿ ಯಂತ್ರವು ಬಂದಲ್ಲೆಲ್ಲ ಬಳಗವೂ ಬಂದಿರುವುದು. ಪರದೇಶಗಳ ಕೆಲವು ನಿದರ್ಶನಗಳನ್ನು ನೋಡೋಣ. ಅಮೆರಿಕೆಯ ಲಾಸ್ ಏಂಜಲೀಸಿನ ಸುತ್ತಮುತ್ತ ಐ.ಬಿ.ಎಂ. ಕಂಪನಿಯ 704 ಎಂಬ ಗಣಕವನ್ನು ತರಿಸಲಿದ್ದವರು 1955ರಲ್ಲಿ ಒಂದು ಸಂಘವನ್ನು ಕಟ್ಟಿದರು. ಅವರಲ್ಲಿ ಅನೇಕರು ವಿಮಾನ ನಿರ್ಮಿಸುವ ಸಂಸ್ಥೆಗಳವರು. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು. ಆದಾಗ್ಯೂ ಗಣಕಕ್ಕೆ ಬೇಕಾದ ಆದೇಶಮಾಲೆಗಳನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆಯುತ್ತ ಕೂರುವುದು ವ್ಯರ್ಥಶ್ರಮವೆಂದು ಕಂಡುಕೊಂಡು, ಬರೆದುದನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದರು. ಆ ಸಂಘಕ್ಕೆ ಅವರಿಟ್ಟ ಹೆಸರು ಷೇರ್, ಎಂದರೆ ಹಂಚಿಕೊಳ್ಳುವುದು. ಎದುರಾಳಿಗಳೇ ಹೀಗೆ ಕೂಡಬಹುದಾದರೆ, ಒಂದೇ ಊರಿನ ಎರಡು ಶಾಲೆಗಳು ಕೂಡಲಾಗದೆಂಬುದಕ್ಕೆ ಕಾರಣವೇನು?

ಎರಡನೆಯ ನಿದರ್ಶನವು ಇನ್ನೂ ಸರಳವಾದುದು. 1975ನೆಯ ಮಾರ್ಚಿ 5ನೆಯ ತಾರೀಖಿನಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕ್ ಎಂಬಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರುಖಾನೆಯಲ್ಲಿ, ಎಂದರೆ ಕಾರು ನಿಲ್ಲಿಸುವ ಕೋಣೆಯಲ್ಲಿ, ಮನೆಯಲ್ಲಿಯೇ ಗಣಕವನ್ನು ಕಟ್ಟಬೇಕೆಂಬ ಹವ್ಯಾಸವುಳ್ಳ ಕೆಲವರು ಕೂಡಿದರು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂದು ಹೆಸರಾದ ಈ ಕೂಟಕ್ಕೆ ವೇದಿಕೆಯೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ. ತಮ್ಮಲ್ಲಿದ್ದುದನ್ನು ತೋರಿಸಿದರು, ತಿಳಿಯದುದನ್ನು ಕೇಳಿದರು. ಸ್ಟೀವ್ ವೋಜ್ನಿಯಾಕ್ ಎಂಬ ತರುಣರು ತಾವು ರಚಿಸಿದ ಗಣಕದ ನಕ್ಷೆಯನ್ನು ಆ ಕೂಟದಲ್ಲಿ ಧರ್ಮಾರ್ಥವಾಗಿ ಹಂಚಿದರು. ಮುಂದೆ ಆ್ಯಪಲ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾದ ಸಂಸ್ಥೆಯ ಮೊದಲ ಗಣಕವು ಅದೇ. ನಾವು ಇಂಥ ಕೀರ್ತಿಯನ್ನು ಬಯಸಿ ಬಳಗ ಕಟ್ಟಬೇಕಾದುದಿಲ್ಲ. ಒಂದು ಕೋಣೆಯೂ ಕೆಲವು ಮಂದಿಯೂ ಸಾಕೆಂಬಷ್ಟೇ ಇದರಿಂದ ಗ್ರಹಿಸತಕ್ಕ ಅಂಶ.

ಇನ್ನು ಪಾಠ ಹೇಳುವ ಗಣಕಗಳ ವಿಚಾರಕ್ಕೇ ಬರೋಣ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬವರು 1960ರಲ್ಲಿ ಪ್ಲೇಟೊ ಎಂಬ ಹೆಸರಿನ ಗಣಕಪಾಠದ ವ್ಯವಸ್ಥೆಯನ್ನು ಆರಂಭಿಸಿದರು. 1973ರಲ್ಲಿ ಡೇವಿಡ್ ವೂಲಿ ಎಂಬ ತರುಣರು, ಬಳಸುವವರು ತಮ್ಮ ತೊಡಕುಗಳನ್ನು ಬರೆದಿಡುವುದಕ್ಕೆಂದು ಅದರಲ್ಲಿ ಒಂದು ಕಡತವನ್ನು ಏರ್ಪಡಿಸಿದರು. ದೂರುಪುಸ್ತಕವಾಗಿ ಹುಟ್ಟಿದ ಅದು ಸ್ವಲ್ಪ ಕಾಲದಲ್ಲಿಯೇ ಬಳಸುವವರೆಲ್ಲರ ಮಾತುಕತೆಯ ಜಗಲಿಯಾಯಿತು. ಒಬ್ಬರ ತೊಡಕಿಗೆ ಇನ್ನೊಬ್ಬರು ಉತ್ತರ ಹೇಳತೊಡಗಿದರೆ, ದೂರೇ ಪಾಠವಾಗುವುದು.

ಮೂಡಲಿನ ಕಥೆಯು ನಮಗೆ ಇನ್ನೂ ಹತ್ತಿರವಾದುದು. ಅದನ್ನು ರಚಿಸಿದ ಮಾರ್ಟಿನ್ ಡೂಗಿಯಾಮಸ್ ಅವರು ಪಶ್ಚಿಮ ಆಸ್ಟ್ರೇಲಿಯದ ನಿರ್ಜನವಾದ ಒಳನಾಡಿನಲ್ಲಿ ಬಾಲ್ಯವನ್ನು ಕಳೆದವರು. ಅಲ್ಲಿ ಮನೆಗೂ ಶಾಲೆಗೂ ನೂರಾರು ಮೈಲುಗಳ ಅಂತರವಿದ್ದ ಮಕ್ಕಳಿಗಾಗಿ ರೇಡಿಯೋ ಮೂಲಕ ಪಾಠ ಹೇಳುವ ಶಾಲೆಗಳಿದ್ದುವು. ಆ ದೇಶದ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ 1951ರಲ್ಲಿ ಆರಂಭವಾದ ಈ ಪದ್ಧತಿಗೆ ಆಕಾಶದ ಶಾಲೆಯೆಂದು ಅರ್ಥಬರುವ ಹೆಸರು. ಅಂಥ ಪಾಠವನ್ನು ಕೇಳಿ ಬೆಳೆದ ಅವರು, ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದಾಗ, ಹಣ ಕೊಟ್ಟು ಪಡೆಯುವ ಒಂದು ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದು, ಅದರಿಂದ ತೃಪ್ತರಾಗದೆ ತಾವೇ ಬೇರೊಂದನ್ನು ಕಟ್ಟತೊಡಗಿದರು. 2002ನೆಯ ಆಗಸ್ಟ್ 20ರಂದು ಅದರ ಮೊದಲನೆಯ ಪೂರ್ಣ ಆವೃತ್ತಿಯು ಲೋಕಾರ್ಪಿತವಾಯಿತು. ಆ ಹೆಸರಿನ ಮೊದಲನೆಯ ಅಕ್ಷರವು ಆದಿಯಲ್ಲಿ ಮಾರ್ಟಿನ್ ಎಂಬ ಅವರ ಸ್ವಂತ ಹೆಸರನ್ನೇ ಸೂಚಿಸುತ್ತಿದ್ದಿತು. ಕ್ರಮೇಣ ಬಳಸುವವರೂ ತಿದ್ದುವವರೂ ಹೆಚ್ಚಲು, ಬಿಡಿಬಿಡಿ ಭಾಗಗಳಿಂದ ಜೋಡಿಸಿದ್ದು ಎಂಬ ಅರ್ಥದ ಪದವು ಅದರ ಸ್ಥಾನಕ್ಕೆ ಬಂದಿತು. ಒಬ್ಬರದಾಗಿದ್ದುದು ಬಹುಜನರದಾಯಿತೆಂಬುದಕ್ಕೆ ಒಂದು ಅಕ್ಷರದ ಈ ವ್ಯತ್ಯಾಸಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2004ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಅದರ ಬಳಕೆದಾರರು ಮೊದಲಬಾರಿಗೆ ಸಮ್ಮೇಳನ ನಡೆಸಿ ಅದಕ್ಕೆ ಮೂಡಲ್‌ಮೂಟ್ ಎಂದು ಹೆಸರಿಟ್ಟರು. ಮೂಟ್ ಎಂದರೆ ಪ್ರಾಚೀನ ಆಂಗ್ಲರಲ್ಲಿ ಊರವರು ಕೂಡುವ ಸಭೆ.

ಈ ತಂತ್ರಾಂಶವನ್ನು ಯಾರು ಬೇಕಾದರೂ ಪಡೆಯಬಹುದು, ಒಳಗಣ ಬರಹವನ್ನು ನೋಡಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು. ಕೊಡುವಾಗ ತನಗಿದ್ದ ಸ್ವಾತಂತ್ರ್ಯವನ್ನು ಪಡೆಯುವವರಿಗೂ ಕೊಡತಕ್ಕದ್ದು ಎಂಬುದು ಮುಖ್ಯ ನಿಬಂಧನೆ. ನಮಗೆ ಇದು ಅಪರಿಚಿತವಲ್ಲ. ತಾಳೆಗರಿಯ ಪ್ರತಿಗಳನ್ನು ಬಲ್ಲವರಿಗೆ ಗೊತ್ತಿರುವಂತೆ, ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬಿನ್ನೈಸುವ ವಾಡಿಕೆಯುಂಟು. ಆದರೆ ಒಂದು ಮಾತನ್ನು ಮರೆಯಕೂಡದು. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದನ್ನಿರಿಸುವ ಸರ್ವರಿಗೆ ಬಾಡಿಗೆಯುಂಟು. ಅದನ್ನು ನೋಡಿಕೊಳ್ಳುವುದಕ್ಕೆ ತಿಳಿವಳಿಕೆಯೂ ಬೇಕು. ಮೂರು ನಾಲ್ಕು ಸಂಸ್ಥೆಗಳು ಕೂಡಿದರೆ ಬಾಡಿಗೆಯೂ ಹಂಚಿಹೋಗುವುದು, ತಿಳಿವಳಿಕೆಯೂ ಹಂಚಿಬರುವುದು.

ಇಷ್ಟೆಲ್ಲ ಪರದೇಶದ ಮಾತಾಯಿತು. ಲೋಕದ ಬಳಗಗಳು ಇರುವಾಗ ನಮ್ಮ ಊರಿನಲ್ಲಿ, ನಮ್ಮ ಭಾಷೆಯಲ್ಲಿ ಬೇರೊಂದು ಬಳಗವೇತಕ್ಕೆಂದು ಕೇಳಬಹುದು. ನಮ್ಮ ತೊಡಕುಗಳು ನಮ್ಮವೇ ಆಗಿರುವುದರಿಂದ. ಎರಡು ಉದಾಹರಣೆಗಳನ್ನು ಕೊಡುವೆನು.

ಮೊದಲನೆಯದು ಲಿಪಿಯ ತೊಡಕು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದಾಗ್ಯೂ ಅನೇಕ ಅಧ್ಯಾಪಕರ ಹಳೆಯ ಟಿಪ್ಪಣಿಗಳು ನುಡಿ, ಬರಹ ಮೊದಲಾದವುಗಳ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಉಳಿದಿರುವುವು. ಅವುಗಳನ್ನು ಹಾಗೆಯೇ ತಂದು ಗಣಕಪಾಠದಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಆಂಗ್ಲಚಿಹ್ನೆಗಳ ಸಾಲು ಕಾಣುವುದು. ತಮ್ಮ ಇಪ್ಪತ್ತು ವರುಷಗಳ ಶ್ರಮವು ಹಾಳಾಯಿತೆಂದು ಒಬ್ಬೊಂಟಿಯಾದ ಅಧ್ಯಾಪಕರು ಅಲ್ಲಿಯೇ ಕೈಬಿಡುವರು. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳುಂಟು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಬಲ್ಲವರು ಪಕ್ಕದಲ್ಲಿ ಕುಳಿತು ತೋರಿಸಿದರೆ ಇದು ಅರ್ಧಗಂಟೆಯ ಕೆಲಸ. ತೋರಿಸುವವರಿಲ್ಲದಿದ್ದರೆ ಇದೇ ಕೋಟೆಯ ಗೋಡೆ.

ಎರಡನೆಯದು ವ್ಯಾಕರಣದ ತೊಡಕು. ಆದಿಕವಿ ಯಾರೆಂದು ಗಣಕದಲ್ಲಿ ಕಿರುಪ್ರಶ್ನೆಯನ್ನು ಹಾಕಿ, ಪಂಪ ಎಂಬುದು ಸರಿಯುತ್ತರವೆಂದು ಗುರುಗಳು ಬರೆದಿಟ್ಟರೆನ್ನಿ. ವಿದ್ಯಾರ್ಥಿಯು ವಿಭಕ್ತಿಯನ್ನು ಬಿಡದೆ ಪಂಪನು ಎಂದು ಶುದ್ಧವಾಗಿ ಬರೆದರೆ ಯಂತ್ರವು ತಪ್ಪೆಂದು ಸೊನ್ನೆ ಕೊಡುವುದು. ಏಕೆಂದರೆ ಅದು ಅಕ್ಷರಗಳನ್ನು ಹೋಲಿಸುವುದೇ ಹೊರತು ವಿಭಕ್ತಿಯನ್ನು ಅರಿಯದು. ಇದಕ್ಕೆ ಉಪಾಯವುಂಟು. ಉತ್ತರದ ಕೊನೆಗೆ ಒಂದು ನಕ್ಷತ್ರಚಿಹ್ನೆಯನ್ನಿಟ್ಟರೆ ಮುಂದೆ ಯಾವ ಪ್ರತ್ಯಯ ಬಂದರೂ ಮೂಡಲ್ ಒಪ್ಪಿಕೊಳ್ಳುವುದು. ಆದರೆ ಆಗ ಪಂಪಾಪತಿ ಎಂದು ಬರೆದ ಜಾಣನಿಗೂ ಪೂರ್ಣಾಂಕ ಸಲ್ಲುವುದು! ಆದುದರಿಂದ ನಕ್ಷತ್ರವನ್ನು ಬಿಟ್ಟು, ಸಾಧುವಾದ ರೂಪಗಳನ್ನೆಲ್ಲ ಒಂದೊಂದಾಗಿ ಬರೆದಿಡುವುದು ಲೇಸು. ಪರ್ತ್ ನಗರದವರಿಗೆ ಈ ತೊಡಕು ಹೊಳೆಯುವಂತಿಲ್ಲ. ಕನ್ನಡದ ಪಂಡಿತರೂ ಗಣಕವನ್ನು ಬಲ್ಲ ತರುಣರೂ ಒಂದೇ ಚಾಪೆಯ ಮೇಲೆ ಕುಳಿತರೆ ಮಾತ್ರ ಇದು ಬಿಡುವುದು. ಹೀಗೆ ಪರೀಕ್ಷಿಸಿದ ಪ್ರಶ್ನೆಗಳನ್ನು ಸರಳವಾದ ಬರಹದ ಕಡತವಾಗಿ ತೆಗೆದು ಇನ್ನೊಂದು ಶಾಲೆಯವರಿಗೆ ಕೊಡಬಹುದು. ಹತ್ತು ಅಧ್ಯಾಪಕರು ತಲಾ ಇಪ್ಪತ್ತು ಪ್ರಶ್ನೆಗಳನ್ನು ತಂದರೆ ಪ್ರತಿಯೊಬ್ಬರ ಕೈಗೂ ಇನ್ನೂರು ಪ್ರಶ್ನೆಗಳು ಬರುವುವು.

ಇನ್ನು ಬಳಗವನ್ನು ಆರಂಭಿಸುವ ಕ್ರಮವನ್ನು ಕುರಿತು ನನಗೆ ತೋಚಿದ ಕೆಲವು ಸೂಚನೆಗಳನ್ನು ನಿಮ್ಮ ಮುಂದಿಡುವೆನು.

ಮೊದಲನೆಯದಾಗಿ, ಉದ್ಘಾಟನೆಯ ಆಡಂಬರ ಬೇಡ. ಐದು ಮಂದಿ ಸಿಕ್ಕರೆ ಸಾಕು, ಆರಂಭಿಸತಕ್ಕದ್ದು. ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಆರಂಭವಾದ ಮುಕ್ತತಂತ್ರಾಂಶದ ಮಹಾಸಮ್ಮೇಳನವು, ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರನ್ನು ತಾಳಿ, ದೇಶವಿದೇಶಗಳಲ್ಲಿ ಖ್ಯಾತಿಗೊಂಡು, 2012ರಲ್ಲಿ ಕೊನೆಗಂಡಿತು. ಜಾತ್ರೆಯಿಂದ ಉತ್ಸಾಹವು ಹುಟ್ಟುವುದು ದಿಟ; ಆದರೆ ಒಕ್ಕಲುತನವು ನಡೆಯುವುದು ದಿನದಿನದ ಗೇಯ್ಮೆಯಿಂದ. ನಮ್ಮ ಬಳಗವು ಗೇಯ್ಮೆಯದಾಗಿರಲಿ.

ಎರಡನೆಯದಾಗಿ, ದಿನವೂ ಹೊತ್ತೂ ಸ್ಥಳವೂ ಸ್ಥಿರವಾಗಿರಬೇಕು. ತಿಂಗಳ ಎರಡನೆಯ ಭಾನುವಾರವೆಂದು ಗೊತ್ತುಮಾಡಿದರೆ, ಇಬ್ಬರೇ ಬಂದರೂ ಅಂದು ಬಾಗಿಲು ತೆರೆದಿರಬೇಕು. ಕರೆಯೋಲೆಯಿಲ್ಲದೆ ಬರುವ ಅಭ್ಯಾಸವು ಆಗಲೇ ಬೆಳೆಯುವುದು.

ಮೂರನೆಯದಾಗಿ, ಉಪನ್ಯಾಸಕ್ಕಿಂತ ಕೈಕೆಲಸಕ್ಕೆ ಹೆಚ್ಚು ಹೊತ್ತನ್ನು ಕೊಡಬೇಕು. ಬಂದವರೆಲ್ಲರೂ ತಮ್ಮ ಒಂದೊಂದು ತೊಡಕನ್ನು ಹೇಳಲಿ, ಬಲ್ಲವರು ಬಿಡಿಸಲಿ, ಯಾರಿಗೂ ತಿಳಿಯದುದನ್ನು ಬರೆದಿಟ್ಟುಕೊಂಡು ಲೋಕದ ಬಳಗದವರನ್ನು ಕೇಳಿ ಮುಂದಿನ ತಿಂಗಳು ತಿಳಿಸಲಿ. ಕಲಿಯುವವರು ಹೆದರದೆ ಒತ್ತಿನೋಡಲು, ಮಕ್ಕಳ ಪಾಠಕ್ಕೆ ಸಂಬಂಧಪಡದ ಒಂದು ಅಭ್ಯಾಸದ ಗಣಕಪಾಠಶಾಲೆಯು ಪ್ರತ್ಯೇಕವಾಗಿರಬೇಕು. ಗರಡಿಯ ಮಣ್ಣಿನಲ್ಲಿ ಬಿದ್ದವನಿಗೆ ಪೆಟ್ಟಾಗದಷ್ಟೆ.

ನಾಲ್ಕನೆಯದಾಗಿ, ಬಿಡಿಸಿದ ತೊಡಕನ್ನು ಕನ್ನಡದಲ್ಲಿ ಅರ್ಧಪುಟವಾಗಿ ಬರೆದಿಡಬೇಕು. ಎರಡು ವರುಷಗಳಲ್ಲಿ ಅದೇ ಒಂದು ಕೈಪಿಡಿಯಾಗುವುದು. ಪ್ರತಿಯೊಂದು ಸಂಸ್ಥೆಯಲ್ಲಿಯೂ ಕೀಲಿಕೈಯು ಇಬ್ಬರ ವಶದಲ್ಲಿರಬೇಕು. ಪಾಠಗಳ ಬ್ಯಾಕಪ್ ಪ್ರತಿಯನ್ನು ನಿಯತಕಾಲಕ್ಕೆ ತೆಗೆದು ಬೇರೆಡೆಯಲ್ಲಿ ಇಡಬೇಕು. ವರ್ಗವಾಗಿ ಹೋಗುವವರು ಹೋಗುವ ಮುನ್ನ ಒಬ್ಬರನ್ನಾದರೂ ತಯಾರುಮಾಡುವುದು ಬಳಗದ ಮರ್ಯಾದೆಯಾಗಲಿ.

ಐದನೆಯದಾಗಿ, ಮಕ್ಕಳ ಹೆಸರು, ಅಂಕ, ದೂರವಾಣಿ ಸಂಖ್ಯೆಗಳನ್ನು ಕೂಟದಲ್ಲಿ ತೆರೆದು ತೋರಿಸಕೂಡದು. ಪಾಠವನ್ನು ಇನ್ನೊಬ್ಬರಿಗೆ ಕೊಡುವಾಗ ವಿದ್ಯಾರ್ಥಿಗಳ ವಿವರವನ್ನು ಬಿಟ್ಟು ಪಾಠವನ್ನಷ್ಟೇ ತೆಗೆಯುವ ಅನುಕೂಲವು ಮೂಡಲಿನಲ್ಲಿಯೇ ಉಂಟು. ಈ ವಿಷಯದಲ್ಲಿ ನಮ್ಮ ಸಂಸತ್ತು 2023ರಲ್ಲಿ ಕಾಯಿದೆಯೊಂದನ್ನು ಮಾಡಿರುವುದು; ಆದರೆ ಕಾಯಿದೆಯಿಲ್ಲದಿದ್ದರೂ ಪರರ ಮಕ್ಕಳ ಮಾನವನ್ನು ಕಾಯುವುದು ಗುರುವಿನ ಧರ್ಮವೇ ಆಗಿರುವುದು.

ಕಡೆಯದಾಗಿ, ಬಳಗವು ಯಾವ ಒಂದು ಸಂಸ್ಥೆಯ ಸೊತ್ತೂ ಆಗಬಾರದು. ಸರಕಾರಿ ಶಾಲೆಯವರೂ, ಖಾಸಗಿ ಶಾಲೆಯವರೂ, ಯಾವ ಮತದವರೂ, ಕೆಲಸವಿಲ್ಲದೆ ಮನೆಯಲ್ಲಿರುವ ಗಣಕ ಬಲ್ಲ ತರುಣ ತರುಣಿಯರೂ ಅದರಲ್ಲಿ ಸಮಾನರು. ವಯಸ್ಸಿನಲ್ಲಿ ಕಿರಿಯರಾದವರಿಂದ ಹಿರಿಯರು ಕಲಿಯುವ ಪ್ರಸಂಗವು ಇಲ್ಲಿ ಪದೇ ಪದೇ ಒದಗುವುದು. ಅದಕ್ಕೆ ನಾಚಬೇಕಾದುದಿಲ್ಲ, ವಿದ್ಯೆಗೆ ವಯಸ್ಸಿಲ್ಲ.

ಯಂತ್ರವು ಗುರುಸ್ಥಾನವನ್ನು ಕಸಿದುಕೊಳ್ಳುವುದೆಂಬ ಶಂಕೆಯು ಹಿರಿಯರಲ್ಲಿ ಕೆಲವರಿಗೆ ಉಂಟೆಂಬುದನ್ನು ಬಲ್ಲೆನು. ಆ ಶಂಕೆಯು ನಿರಾಧಾರವಲ್ಲ. ಪಾಠವನ್ನು ಗಣಕದಲ್ಲಿ ಏರಿಸಿ, ಮಗುವಿನ ಮುಖವನ್ನೇ ನೋಡದೆ ಅಂಕ ಹಾಕಿ ಕೈತೊಳೆದುಕೊಳ್ಳುವುದಾದರೆ ಹಾಗೆಯೇ ಆಗುವುದು. ಆದರೆ ಗ್ರಂಥವು ಬಂದಾಗ ಗುರುವು ಹೋಗಲಿಲ್ಲ. ಗ್ರಂಥವನ್ನು ಹೇಗೆ ಓದಬೇಕೆಂದು ಹೇಳುವ ಗುರುವಿಗೆ ಗೌರವವೇ ಹೆಚ್ಚಿತು. ತಿದ್ದುವ ಶ್ರಮದಲ್ಲಿ ಒಂದು ಪಾಲನ್ನು ಯಂತ್ರಕ್ಕೆ ಬಿಟ್ಟು, ಉಳಿದ ಹೊತ್ತನ್ನು ಹಿಂದೆ ಬಿದ್ದ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ವಿನಿಯೋಗಿಸಿದರೆ ಗುರುಸ್ಥಾನವು ಕುಗ್ಗುವುದೆಂತು? ಆ ವಿವೇಕವನ್ನು ತಂತ್ರಾಂಶವು ಕಲಿಸದು. ಒಬ್ಬರ ಅನುಭವವನ್ನು ಇನ್ನೊಬ್ಬರು ಕೇಳುವ ಬಳಗದಲ್ಲಿ ಮಾತ್ರ ಅದು ಹುಟ್ಟುವುದು.

ಮಹಾಶಯರೇ, ದಾಸೋಹಕ್ಕೆ ಅಕ್ಕಿ ಬೇಳೆಗಳನ್ನು ಕೊಡುವ ನಿಮ್ಮ ಕೈಗಳು ಉದಾರವಾದುವು. ಈ ಕಾರ್ಯಕ್ಕೆ ನಿಮ್ಮಿಂದ ಬೇಡುವುದು ಸ್ವಲ್ಪವೇ: ತಿಂಗಳಿಗೆ ಒಂದು ಮಧ್ಯಾಹ್ನದ ಹೊತ್ತು, ಒಂದು ಕೋಣೆ, ವಿದ್ಯುತ್ತು ಮತ್ತು ಅಂತರ್ಜಾಲದ ಅನುಕೂಲ, ಬಂದವರಿಗೆ ಒಂದು ಲೋಟ ಚಹಾ. ಅಧ್ಯಾಪಕ ಬಂಧುಗಳಿಂದ ಬೇಡುವುದು ಇನ್ನೂ ಸ್ವಲ್ಪ: ನಿಮಗೆ ತಿಳಿದ ಒಂದು ವಿಷಯ, ತಿಳಿಯದ ಒಂದು ವಿಷಯ, ಎರಡನ್ನೂ ಹೊತ್ತು ಬನ್ನಿರಿ. ಸಭೆ ಮುಗಿದು ಪ್ರಸಾದವಾದ ಮೇಲೆ, ಮನಸ್ಸುಳ್ಳವರು ಪಾಠಶಾಲೆಯ ಪಡಸಾಲೆಯಲ್ಲಿ ಒಂದಿಷ್ಟು ನಿಂತು, ಮೊದಲನೆಯ ಕೂಟದ ದಿನವನ್ನು ಗೊತ್ತುಮಾಡಿಕೊಂಡೇ ಊರಿಗೆ ತೆರಳಬೇಕೆಂದು ತಮ್ಮೆಲ್ಲರಲ್ಲಿ ಬಿನ್ನವಿಸುವೆನು.